ಬೆಸ ತಾರೀಖಿನ ಗುಳಿಗೆ

1984ರ ಜೂನ್ 4, ಸೋಮವಾರ. ಬೆಳಿಗ್ಗೆ 9.40ಕ್ಕೆ ಖಣಿಹಾಳ ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಒಬ್ಬ ಹೆಣ್ಣುಮಗಳು ಬಂದು ಕುಳಿತಳು. ಖಣಿಹಾಳ ಅಂದರೆ ವಾಡಿಗೂ ಶಹಾಬಾದಿಗೂ ನಡುವಿನ ಸಣ್ಣ ಊರು. ಸುತ್ತ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಗಳು, ನಡುವೆ ಒಂದು ಠಾಣೆ, ಠಾಣೆಯ ಬೆನ್ನಿಗೆ ಒಂದು ಸಬ್‌ಜೈಲು. ಮಳೆ ಇನ್ನೂ ಮುಖ ತೋರಿಸಿರಲಿಲ್ಲ. ಹೊತ್ತೇರುವ ಮೊದಲೇ ಬಿಸಿಲು ಚುರುಗುಟ್ಟುತ್ತಿತ್ತು.

ಮೆಟ್ಟಿಲ ಮೇಲೆ ಕುಳಿತವರನ್ನು ಎಬ್ಬಿಸಿ ಕಳಿಸುವುದು ಠಾಣೆಯ ರೈಟರ್ ಭಗವಂತನಿಗೆ ದಿನದ ಮೊದಲ ಕೆಲಸ.

"ಏನವ್ವಾ, ಹೆಣ ಕೊಟ್ಟಾಯ್ತು, ಮಣ್ಣೂ ಆಯ್ತು. ಮತ್ತೇನದ?"

"ಅರ್ಜಿ ಕೊಡಬೇಕಾಗ್ಯದ."

"ಯಾರ ಮ್ಯಾಲ?"

"ಅದು ನನಗ ಗೊತ್ತಿದ್ರ ನಿಮ್ಮ ಬಾಗಿಲಿಗಿ ಯಾಕ ಬರ್ತಿದ್ದೆ?"

ಒಳಗಿದ್ದ ಸಬ್ ಇನ್‌ಸ್ಪೆಕ್ಟರ್ ಶಹಾಬುದ್ದೀನನಿಗೆ ಈ ಮಾತು ಕೇಳಿಸಿತು. ಒಳಗೆ ಕರೆಸಿ ಕೂರಿಸಿದ. ಅವಳು ಅನಸುಬಾಯಿ. ಗಂಡ ಅಂಬಾರಾಯ ಖಣಿಯಲ್ಲಿ ಕಲ್ಲು ಸೀಳುವವನು. ಗೋದಾಮಿನ ತಂತಿ ಕದ್ದ ಆರೋಪದ ಮೇಲೆ ಫೆಬ್ರವರಿಯಲ್ಲಿ ಒಳಗೆ ಹೋದವನು, ಜಾಮೀನಿಗೆ ನಿಲ್ಲುವವರಿಲ್ಲದೆ ಅಲ್ಲೇ ಉಳಿದಿದ್ದ. ಮಾರ್ಚಿನಲ್ಲಿ ಅವನಿಗೆ ಕ್ಷಯ ಇದೆಯೆಂದು ಗೊತ್ತಾಯಿತು. ಮೇ 31ರಂದು ಬೆಳಿಗ್ಗೆ ಸಬ್‌ಜೈಲಿನ ಮೂರನೇ ಕೋಣೆಯಲ್ಲಿ ರಕ್ತ ಕಾರಿ ಸತ್ತ. ತನಿಖೆಗೆ ಬಂದ ಮ್ಯಾಜಿಸ್ಟ್ರೇಟರು, 'ಕಾಯಿಲೆಯಿಂದ ಸಾವು' ಎಂದು ಬರೆದು ಹೋಗಿದ್ದರು.

"ನನ್ನ ಮೈದುನಗೂ ಇದೇ ಬ್ಯಾನಿ ಇತ್ತರಿ ಸಾಹೇಬ್ರ," ಅಂದಳು ಅನಸುಬಾಯಿ. "ಅದೇ ಡಾಕ್ಟರು, ಅದೇ ಕೆಂಪು ಗುಳಿಗಿ. ಅಂವ ಎರಡು ತಿಂಗಳದಾಗ ಎದ್ದು ಮತ್ತ ಕಲ್ಲು ಹೊರಾಕತ್ಯಾನ. ನನ್ನ ಗಂಡ ಸತ್ತ. ಒಂದೇ ಗುಳಿಗಿ ಒಬ್ಬನ್ನ ಎಬ್ಬಿಸಿ ಇನ್ನೊಬ್ಬನ್ನ ಮಲಗಿಸ್ತದೇನ್ರಿ?"

"ಜೈಲಿನಾಗ ಯಾರರ ತ್ರಾಸು ಕೊಡ್ತಿದ್ರೇನು?"

"ಇಲ್ರಿ. ಹೊಡದಿಲ್ಲ, ಬಡದಿಲ್ಲ. ಯಾರೂ ಹತ್ತರ ಬರ್ತಿದ್ದಿಲ್ಲ ಅಷ್ಟೇ. ಜಮಾದಾರ್ ಸೂಗಪ್ಪಣ್ಣ ಒಬ್ಬರೇ ಮನಿಷ್ಯಾ ಅಂತ ನೋಡ್ದೋರು. ಬನ್ನು ತಂದು ಕೊಡ್ತಿದ್ರು, ಬೆನ್ನು ತಿಕ್ಕತಿದ್ರು. ಅವರ ಹೆಸರು ಅರ್ಜಿಯೊಳಗ ಬರೀಬ್ಯಾಡ್ರಿ, ಪುಣ್ಯಾತ್ಮ."

ಶಹಾಬುದ್ದೀನ ಪೆನ್ನು ಕೆಳಗಿಟ್ಟ. 'ವಿಚಾರಿಸಲಾಗಿದೆ, ಹುರುಳಿಲ್ಲ' ಎಂದು ಒಂದು ಸಾಲು ಗೀಚಿದರೆ ಮುಗಿಯುತ್ತಿತ್ತು. ಇಲಾಖೆಯಲ್ಲಿ ಹದಿನಾಲ್ಕು ವರ್ಷ ಕಳೆದವನಿಗೆ ಆ ಸಾಲು ಬೆರಳ ತುದಿಯಲ್ಲೇ ಇರುತ್ತದೆ. ಆದರೆ ಅವಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ಅದು ಅವನನ್ನು ಕೆಣಕಿತು. ಅರ್ಜಿ ಬರೆಸಿ, ಹೆಬ್ಬೆಟ್ಟು ಒತ್ತಿಸಿಕೊಂಡು, 11 ಗಂಟೆಗೆ ಸಬ್‌ಜೈಲಿಗೆ ನಡೆದ.

ಸಬ್‌ಜೈಲು ಕಂದಾಯ ಇಲಾಖೆಯದು, ಕಾವಲು ಪೊಲೀಸರದು. ಹೀಗಾಗಿ ಗೋಡೆ ಬಿರುಕು ಬಿಟ್ಟರೆ ಇವರು ಅವರ ಕಡೆ ಕೈ ತೋರಿಸುತ್ತಿದ್ದರು, ಅವರು ಇವರ ಕಡೆ. ಮೂರು ಕೋಣೆ, ಎಂಟು ಜನರ ಜಾಗ, ಅಂದು ಒಳಗಿದ್ದವರು ಹತ್ತೊಂಬತ್ತು. ಮೇಲೆ ಫರಸಿ ಹಾಸಿನ ಮಾಳಿಗೆ, ಮಧ್ಯಾಹ್ನ ಅದು ಹಂಚಿನ ಹಾಗೆ ಕಾಯುತ್ತದೆ. ಕಾವಲುಗಾರರ ಕೋಣೆಯೂ ಅದೇ ಮಾಳಿಗೆಯ ಕೆಳಗೇ. ಅದಕ್ಕೆ ಕಿಟಕಿಯಿಲ್ಲ, ಮೂರನೇ ಕೋಣೆಯ ಗೋಡೆಯ ಮೇಲುಗಡೆ ಒಂದು ಬೆಳಕಿಂಡಿ, ಅಷ್ಟೇ. ಆ ಕಿಂಡಿಯಿಂದ ಕೈದಿಯ ಕೆಮ್ಮು ಇತ್ತ ಬರುತ್ತದೆ, ಕಾವಲುಗಾರನ ಬೀಡಿ ಹೊಗೆ ಅತ್ತ ಹೋಗುತ್ತದೆ. ನಾಲ್ವರು ಕಾವಲುಗಾರರು, ಇಬ್ಬಿಬ್ಬರಂತೆ ಹನ್ನೆರಡು ತಾಸಿನ ಪಾಳಿ. ಎಲ್ಲರಿಗೂ ಒಂದೇ ನೀರಿನ ಗಡಿಗೆ, ಒಂದೇ ಲೋಟ. ಇವರ ಎದೆ ಹೇಗಿದೆ ಎಂದು ಯಾವ ಡಾಕ್ಟರನೂ ನಳಿಗೆ ಹಚ್ಚಿ ನೋಡಿದ್ದಿಲ್ಲ.

ಪಹರೆಯಲ್ಲಿದ್ದವನು ಕಾನ್‌ಸ್ಟೇಬಲ್ ಲಾಲ್ ಅಹ್ಮದ್. ವಯಸ್ಸು ಇಪ್ಪತ್ತಾರು, ಮನೆಯಲ್ಲಿ ಎಂಟು ತಿಂಗಳ ಕೂಸು.

"ಅಂಬಾರಾಯನಿಗೆ ಊಟ ಹ್ಯಾಂಗ ಕೊಡ್ತಿದ್ರಿ?"

"ತಾಟು ಬಾಗಲದಾಗ ಇಟ್ಟು ಲಾಠಿಯಿಂದ ಒಳಗ ದೂಡ್ತಿದ್ವಿರಿ."

"ಗುಳಿಗಿ?"

"ಅದು ಜಮಾದಾರ್ ಸೂಗಪ್ಪಣ್ಣಂದ್ರಿ. ಅವರೇ ಒಳಗ ಹೋಗ್ತಿದ್ರು. ನಾವು ಮಾರಿಗಿ ವಸ್ತ್ರ ಕಟಗೊಂಡು ಹೊರಗ ನಿಲ್ತಿದ್ವಿ."

"ದಿನಾ ಅವರೇ?"

"ದಿನಾ ಅವರೇ. ಕೇಳಿ ತಗೊಂಡಾರರಿ ಆ ಕೆಲಸ. 'ನಿಮ್ಮವು ಹಸಿ ಎದಿ, ನೀವು ದೂರ ಇರ್ರಿ' ಅಂದ್ರು."

ಶಹಾಬುದ್ದೀನ ಔಷಧದ ರಿಜಿಸ್ಟರ್ ತೆಗೆಸಿದ. ಮಾರ್ಚ್ 12ರಿಂದ ಮೇ 31ರವರೆಗೆ 81 ದಿನ, 81 ಸಾಲು. ಎಲ್ಲ ಸಾಲಿನಲ್ಲೂ ಒಂದೇ ಮಾತು: 'ಬೆ. 7.30, ಗುಳಿಗೆ ನುಂಗಿಸಲಾಗಿದೆ.' ಎಲ್ಲದರ ಕೆಳಗೂ ಹೆಡ್ ಕಾನ್‌ಸ್ಟೇಬಲ್ ಸೂಗಪ್ಪನ ಸಹಿ. ಉಗಾದಿಯಂದೂ ಅವನೇ, ತಿಂಗಳ ರಜೆಯ ದಿನವೂ ಅವನೇ. ಎಲ್ಲರೂ ಹೆದರಿ ದೂರ ಓಡುವ ಕೋಣೆಗೆ ಒಬ್ಬ ಮನುಷ್ಯ 81 ದಿನ ಬಿಡದೆ ಹೋಗಿದ್ದಾನೆ. ಇದನ್ನು ನೋಡಿ ಶಹಾಬುದ್ದೀನನಿಗೆ ಮೊದಲು ಬಂದದ್ದು ಹೆಮ್ಮೆ. ಶಹಾಬುದ್ದೀನ ಹೊಸದಾಗಿ ಈ ಠಾಣೆಗೆ ಬಂದಾಗ ವಿಷಮಜ್ವರದಲ್ಲಿ ಮಲಗಿದ್ದ. ಆಗ ಹತ್ತು ದಿನ ಮನೆಯಿಂದ ಗಂಜಿ ತಂದುಕೊಟ್ಟವನು ಇದೇ ಸೂಗಪ್ಪ. ಅನುಮಾನ ಬಂದದ್ದು ಆಮೇಲೆ, ಅದೂ ತಾನೇ ನಾಚಿಕೊಳ್ಳುವಂತೆ ಬಂತು.

ಮಧ್ಯಾಹ್ನ 2.15ಕ್ಕೆ ಊರಿನ ಆರೋಗ್ಯ ಕೇಂದ್ರದ ಡಾಕ್ಟರ್ ಸೂರ್ಯಕಾಂತರ ಹೇಳಿಕೆ.

"ಹೊಸ ಔಷಧ ಇದು. ಜಿಲ್ಲಾದಿಂದ ಎಣಿಸಿ ಬರ್ತದ. ಒಬ್ಬ ರೋಗಿಗಿ ಇಷ್ಟೇ ಅಂತ. ನಾನು ಸೋಮವಾರಕ್ಕೊಮ್ಮೆ ಏಳು ದಿನದ್ದು ಸೂಗಪ್ಪನ ಕೈಯಾಗ ಕೊಡ್ತಿದ್ದೆ."

"ಗುಣ ಯಾಕ ಆಗ್ಲಿಲ್ಲ?"

"ಅದೇ ನನಗೂ ತಿಳೀವಲ್ದು. ಮೇ ತಿಂಗಳ ಕಫದಾಗೂ ರೋಗ ಹಂಗೇ ಇತ್ತು. ದಿನಾ ತಪ್ಪಲಾರದಂಗ ತಗೊಂಡ್ರ ಹಂಗ ಇರಬಾರದು."

"ದಿನಾ ತಗೊಂಡಾನೋ ಇಲ್ಲೋ ಅನ್ನೂದು ಹ್ಯಾಂಗ ಗೊತ್ತಾಗ್ತದ?"

"ಉಚ್ಚಿ ನೋಡಿದ್ರ ಸಾಕು. ಈ ಕ್ಯಾಪ್ಸೂಲು ತಗೊಂಡ ದಿನ ಕೆಂಪಗ ಹೋಗ್ತದ. ರೋಗಿ ರಕ್ತ ಅಂತ ಅಂಜಬಾರದು ಅಂತ ಮೊದಲೇ ಹೇಳಿರ್ತೀವಿ. ಸೂಗಪ್ಪಗೂ ಹೇಳಿದ್ದೆ." ಡಾಕ್ಟರು ಸೇರಿಸಿದರು, "ಇನ್ನೊಂದು ಮಾತು. ಮೇ 28ಕ್ಕ ಏಳು ಒಯ್ದಾನ. 31ಕ್ಕ ಅಂಬಾರಾಯ ಸತ್ತ. ಉಳಿದ ಮೂರು ವಾಪಸ್ ಬಂದಿಲ್ಲ."

ಕೈದಿಯ ಉಚ್ಚೆಯ ಬಣ್ಣ ಯಾರು ನೋಡಿರುತ್ತಾರೆ? ಶಹಾಬುದ್ದೀನ ಸಂಜೆಯವರೆಗೂ ಇದೇ ತಲೆಬಿಸಿಯಲ್ಲಿದ್ದ. ಕಾವಲುಗಾರರು ನೋಡಿಲ್ಲ, ಸತ್ತವನು ಹೇಳುವುದಿಲ್ಲ. ಆಮೇಲೆ ಹಣೆ ಬಡಿದುಕೊಂಡ. ಎರಡು ಹೊತ್ತು ಆ ಕೋಣೆಯ ಮಲಮೂತ್ರದ ಕುಂಡ ತೆಗೆದು ತೊಳೆಯುವ ಗುಂಡಮ್ಮ ದಿನವೂ ಅವನೆದುರೇ ಹಾದು ಹೋಗುತ್ತಾಳೆ. ಹನ್ನೊಂದು ವರ್ಷದಿಂದ ಸಬ್‌ಜೈಲಿನ ಜಾಡಮಾಲಿ ಅವಳು. ಎಷ್ಟು ಪ್ರಕರಣ ಆದವು, ಎಷ್ಟು ಪಂಚನಾಮೆ ಆದವು, ಅವಳನ್ನು ಒಂದು ಮಾತು ಕೇಳಿದವರಿಲ್ಲ.

ಜೂನ್ 5, ಬೆಳಿಗ್ಗೆ 8.00. ಗುಂಡಮ್ಮ ಠಾಣೆಯ ಹೊಸ್ತಿಲಲ್ಲೇ ನಿಂತಳು.

"ಒಳಗ ಬರ್ರಿ. ಕುಂದ್ರಿ."

"ನಾ ನಿಂತೇ ಇರ್ತೀನಿ ತಗೋರಿ."

"ಕುಂದ್ರಿ ಗುಂಡಮ್ಮ. ನೀವು ಸಾಕ್ಷಿ, ಸಾಕ್ಷಿದಾರರು ನಿಂತು ಮಾತಾಡಬಾರದು." ಹಾಗೆಂದು ಯಾವ ಕಾನೂನಿನಲ್ಲೂ ಇಲ್ಲ. ಅವಳು ಕುರ್ಚಿಯ ತುದಿಯಲ್ಲಿ ಕುಳಿತಳು.

"ಮೂರನೇ ಕೋಣಿ ಕುಂಡದಾಗ ಕೆಂಪು ನೀರು ನೋಡೀರೇನು?"

"ನೋಡೀನ್ರಿ. ಒಂದಿನ ಕೆಂಪು, ಒಂದಿನ ಬೆಳ್ಳಗ."

"ದಿನಾ ಕೆಂಪಲ್ಲ?"

"ಇಲ್ರಿ. ದಿನ ಬಿಟ್ಟು ದಿನ. ಕುಂಕುಮ ಕಲಸಿದಂಗ. ಮೊದಲಿಗಿ ಅಂಜಿದೆ ನಾ." ಅವಳು ಸೆರಗು ಸರಿಮಾಡಿಕೊಂಡಳು. "ಒಳಗ ಬೆಳ್ಳಗಿದ್ದ ದಿನ ಪೊಲೀಸರ ಪಾಯಖಾನಿದಾಗ ಕೆಂಪು ಇರ್ತಿತ್ತರಿ."

ಬರೆದುಕೊಳ್ಳುತ್ತಿದ್ದ ಭಗವಂತನ ಕೈ ನಿಂತಿತು.

"ಇದನ್ನ ಯಾರಿಗಾದ್ರೂ ಹೇಳಿದ್ರೇನು?"

"ಯಾರು ಕೇಳಿದ್ರು ಸಾಹೇಬ್ರ ನನಗ?"

ಅದೇ ದಿನ 10.30ಕ್ಕೆ ಎಫ್‌ಐಆರ್ ದಾಖಲಾಯಿತು. ಖಣಿಹಾಳ ಠಾಣೆ ಅಪರಾಧ ಸಂಖ್ಯೆ 47/84. ಸರ್ಕಾರಿ ನೌಕರನಿಂದ ನಂಬಿಕೆ ದ್ರೋಹ, ನಿರ್ಲಕ್ಷ್ಯದಿಂದ ಸಾವು. ಆರೋಪಿಯ ಹೆಸರಿನ ಜಾಗವನ್ನು ಭಗವಂತ ಖಾಲಿ ಬಿಟ್ಟ.

"ಸಾಹೇಬ್ರ, ನಮ್ಮ ಮನಿಷ್ಯಾ ಅವ," ಅಂದ ಮೆಲ್ಲಗೆ. "ಸತ್ತಂವ ಹ್ಯಾಂಗೂ ಸತ್ತ. ಇಪ್ಪತ್ಮೂರು ವರ್ಷ ನೌಕರಿ ಮಾಡ್ಯಾನ. ಇಬ್ಬರು ಹೆಣ್ಣಮಕ್ಕಳು."

"ಅನಸುಬಾಯಿಗಿ ಏನಂತ ಹೇಳ್ಲಿ? ಹೇಳು, ಬರಕೋತೀನಿ."

ಭಗವಂತ ಖಾಲಿ ಜಾಗದಲ್ಲಿ ಹೆಸರು ಬರೆದ.

ಜೂನ್ 6, ಬುಧವಾರ, ಮಧ್ಯಾಹ್ನ 3.30. ಅಂಬಾರಾಯ ಸತ್ತ ದಿನದಿಂದ ಸೂಗಪ್ಪ 'ಬಿಸಿಲಿನ ಜ್ವರ' ಎಂದು ರಜೆ ಹಾಕಿದ್ದ. ಪೊಲೀಸ್ ಲೈನಿನ ಕೊನೆಯ ಮನೆ ಅವನದು. ಶಹಾಬುದ್ದೀನ ಇಬ್ಬರು ಪಂಚರನ್ನು ಕರೆದುಕೊಂಡು ಹೋದಾಗ ಸೂಗಪ್ಪನ ಹೆಂಡತಿ ಯಂಕಮ್ಮ ಗಡಬಡಿಸಿ ಚಾಪೆ ಹಾಸಿದಳು. "ಬರ್ರಿ ಸಾಹೇಬ್ರ. ಎಷ್ಟು ದಿನಕ್ಕ ಬಂದ್ರಿ! ಚಾ ಇಡ್ತೀನಿ."

ಸೂಗಪ್ಪ ಹೊರಗಿನ ಕಟ್ಟೆಯ ಮೇಲೆ, ಬೇವಿನ ನೆರಳಲ್ಲಿ, ಒಬ್ಬನೇ ಮಲಗಿದ್ದ. ಪಕ್ಕದಲ್ಲಿ ಅವನದೇ ತಾಟು, ಅವನದೇ ತಂಬಿಗೆ. ಎದ್ದು ಸಲಾಮು ಹೊಡೆಯಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ಎಷ್ಟು ದಿನದಿಂದ ಹೊರಗ ಮಲಗ್ತಾರ?" ಶಹಾಬುದ್ದೀನ ಯಂಕಮ್ಮನನ್ನು ಕೇಳಿದ.

"ಶಿವರಾತ್ರಿಯಿಂದ್ರಿ. ಉಣ್ಣೂದೂ ಬ್ಯಾರೆ, ತಾಟೂ ತಾವೇ ತೊಳಿತಾರ. ವ್ರತ ಅಂತಾರ. ಇದೆಂಥ ವ್ರತ ಅಂತ ನಾನೂ ಕೇಳೀನಿ, ಸಿಟ್ಟಿಗೇಳ್ತಾರ."

ಮನೆ ಶೋಧನೆಯ ಪಂಚನಾಮೆ 3.50ಕ್ಕೆ ಶುರುವಾಯಿತು. ಹೆಚ್ಚು ಹುಡುಕಬೇಕಾಗಲಿಲ್ಲ. ಸೂಗಪ್ಪ ತಾನೇ ಎಲೆ-ಅಡಿಕೆ ಸಂಚಿ ಬಿಚ್ಚಿ ಮುಂದಿಟ್ಟ. ಕಾಗದದ ಪೊಟ್ಟಣದಲ್ಲಿ ಎರಡು ಕೆಂಪು ಕ್ಯಾಪ್ಸೂಲು.

"ಮೂರು ಇರಬೇಕಾಗಿತ್ತು, ಸೂಗಪ್ಪಣ್ಣ."

"ಮೂರನೇ ತಾರೀಖಿಂದು ನಾ ತಗೊಂಡೀನ್ರಿ. ಅದು ನಂದು. ಇವೆರಡು ಅವನವು."

"ಹಂಗಂದ್ರ?"

ಸೂಗಪ್ಪ ಹೆಂಡತಿಯ ಕಡೆ ನೋಡಿದ. ಅವಳನ್ನು ಒಳಗೆ ಕಳಿಸಿದ ಮೇಲೆ ಮಾತಾಡಿದ. ಮುಚ್ಚಿಡುವ ಉಮೇದು ಅವನಲ್ಲಿ ಉಳಿದಿರಲಿಲ್ಲ. ಯಾರಾದರೂ ಬಂದು ಕೇಳಲಿ ಅಂತಲೇ ಕಾಯುತ್ತಿದ್ದವನಂತೆ ಇದ್ದ.

"ಬೆಸ ತಾರೀಖು ನಂದು, ಸರಿ ತಾರೀಖು ಅವಂದು. ಮೂವತ್ತೊಂದಾದ ಮ್ಯಾಲ ಒಂದು ಬರ್ತದಲ್ರಿ, ಎರಡೂ ಬೆಸ. ಹಂಗ ಸಾಲಾಗಿ ಎರಡು ನನಗೇ ಬರಬಾರದು ಅಂತ ಒಂದನೇ ತಾರೀಖಿಂದು ಅವನಿಗೇ ಕೊಡ್ತಿದ್ದೆ. ಮೋಸ ಮಾಡಿಲ್ಲರಿ ಲೆಕ್ಕದಾಗ. ಈಗ ಒಂದನೇ ತಾರೀಖಿಂದು, ಎರಡನೇ ತಾರೀಖಿಂದು, ಎರಡೂ ಅವನ ಪಾಲು. ಅಂವ ಸತ್ತಾನಂತ ನಾ ಹ್ಯಾಂಗ ನುಂಗ್ಲಿ?"

ಪಂಚರಲ್ಲಿ ಒಬ್ಬ ಮುಖ ತಿರುಗಿಸಿದ.

"ಅವನಿಗಿ ಗೊತ್ತಿತ್ತೇನು?"

"ಮೊದಲ ವಾರ ಕದ್ದೆ. ಎಂಟನೇ ದಿನಕ್ಕ ತಡಕೊಳ್ಳಾಕ ಆಗ್ಲಿಲ್ಲ, ಹೇಳಿದೆ. ನಕ್ಕರಿ ಅಂವ. 'ಅರ್ಧ ರೊಟ್ಟಿ ತಿಂದು ಬದುಕ್ದೋರು ನಾವು ಜಮಾದಾರ್ರ, ಅರ್ಧ ಗುಳಿಗ್ಯಾಗೂ ಬದುಕೋಣ ಬಿಡ್ರಿ' ಅಂದ."

ಇದು ನಿಜವೋ, ಸತ್ತವನ ಬಾಯಿಗೆ ತುರುಕಿದ ಮಾತೋ, ಹೇಳುವವರು ಯಾರು? ಶಹಾಬುದ್ದೀನ ಒಂದಕ್ಷರ ಬಿಡದೆ ಬರೆಸಿದ. ಖಾಲಿ ಹೊಟ್ಟೆಗೆ ಅರ್ಧ ರೊಟ್ಟಿಯಾದರೂ ಆಸರೆ. ಈ ಔಷಧ ಹಾಗಲ್ಲ. ಅರ್ಧ ಕೊಟ್ಟರೆ ರೋಗ ಸಾಯುವುದಿಲ್ಲ, ಔಷಧವನ್ನೇ ಜೀರ್ಣಿಸಿಕೊಂಡು ಗಟ್ಟಿಯಾಗುತ್ತದೆ ಎಂದು ಡಾಕ್ಟರು ಶಹಾಬುದ್ದೀನನಿಗೆ ವಿವರಿಸಿದ್ದರು. ಇಬ್ಬರೂ ಬದುಕಲೆಂದು ಹಂಚಿಕೊಂಡದ್ದು ಇಬ್ಬರಿಗೂ ಮುಳುವಾಗಿತ್ತು.

"31ರ ಬೆಳಿಗ್ಗೆ ಏನಾಯ್ತು?"

"ಅವತ್ತು ಬೆಸ ತಾರೀಖು." ಸೂಗಪ್ಪನ ದನಿ ಇಳಿಯಿತು. "ಅವನ ಮುಂದೇ ನಾ ನುಂಗಿದೆ. ರಿಜಿಸ್ಟರದಾಗ ಬರದೆ. ಕಾಲು ತಾಸು ಆಗಿರಲಿಲ್ಲ, ಅಂವ ರಕ್ತ ಕಾರಿದ. ನನ್ನ ತೊಡಿ ಮ್ಯಾಲೇ ಹೋದ್ರಿ. ಎರಡು ಬೆರಳು ನನ್ನ ಗಂಟಲಿಗಿ ಹಾಕಿ ಆ ಗುಳಿಗಿ ಹೊರಗ ತೆಗದೇನಂದ್ರ ಬರಲಿಲ್ಲ."

ಆಮೇಲೆ ಅವನು ಅತ್ತ. ನಲವತ್ತಾರು ವರ್ಷದ ಜಮಾದಾರ, ಬಾಯಿಗೆ ಟವೆಲು ಒತ್ತಿಕೊಂಡು, ಒಳಗೆ ಕೇಳಿಸದಂತೆ ಅತ್ತ. ಶಹಾಬುದ್ದೀನ ನೀರಿನ ತಂಬಿಗೆಯನ್ನು ಅವನ ಕಡೆ ಸರಿಸಿದ.

"ರೋಗ ಯಾವಾಗ ಗೊತ್ತಾಯ್ತು?"

"ಫೆಬ್ರವರಿ ಕೊನೀಗಿ ಕಫದಾಗ ಕೆಂಪು ಕಂಡೆ. ಅವನಿಂದ ಬಂತೋ, ಅವನಕಿಂತ ಮೊದಲು ಅದೇ ಕೋಣ್ಯಾಗ ಇದ್ದವರಿಂದ ಬಂತೋ. ಒಂಬತ್ತು ವರ್ಷ ಆ ಕಿಂಡಿ ಕೆಳಗ ಕುಂತೀನ್ರಿ."

"ಡಾಕ್ಟರಿಗಿ ಯಾಕ ತೋರಿಸ್ಲಿಲ್ಲ? ನನಗ ಯಾಕ ಹೇಳ್ಲಿಲ್ಲ?" ಶಹಾಬುದ್ದೀನನಿಗೆ ಈಗ ಸಿಟ್ಟು ಬಂದಿತ್ತು. "ನನಗ ಹೇಳಬಾರದಾಗಿತ್ತೇನು, ಸೂಗಪ್ಪಣ್ಣ?"

"ಹೇಳಿದ್ರ ಹೆಸರು ಬರೀತಾರ. ಹೆಸರು ಬರದ್ರ ಅನ್‌ಫಿಟ್. ಕಾನ್‌ಸ್ಟೇಬಲ್ ಬಾಬುಮಿಯಾನ ಸುದ್ದಿ ಕೇಳಿಲ್ಲೇನ್ರಿ? ನೀವು ಬರೂಕಿಂತ ಮುಂಚಿಂದು ಅದು. ಇದೇ ಲೈನಿನಾಗ ಇದ್ದ. ಕೆಮ್ಮು ಅಂದ ತಿಂಗಳಿಗೇ ಮನಿ ಖಾಲಿ ಮಾಡಿಸಿದ್ರು. ಮಳ್ಯಾಗ ಮಂಚ, ಹೆಂಡತಿ, ಮಕ್ಕಳು ಎಲ್ಲಾ ಒಂದೇ ಬಂಡಿ ಮ್ಯಾಲ. ನಾನೇ ಹೊರಿಸಿ ಕಳಿಸಿದೆ. ನನ್ನ ದೊಡ್ಡಮಗಳು ಮುಂದಿನ ವರ್ಷ ಎಸ್ಸೆಸ್ಸೆಲ್ಸಿ."

"ಆ ಕಾಲ ಹೋಯ್ತು. ಈಗ ಕ್ಷಯ ಬಂದವರಿಗಿ ಪಗಾರದ ಜೋಡಿ ರಜಾ ಅದ. ಮನೀನೂ ಬಿಡಬೇಕಾಗಿಲ್ಲ. ಸುತ್ತೋಲೆನೇ ಬಂದದಲ್ಲ."

ಸೂಗಪ್ಪ ತಲೆಯೆತ್ತಿದ. ಅವನ ಮುಖದಲ್ಲಿ ಆಪಾದನೆ ಇರಲಿಲ್ಲ, ಬರೀ ಅಚ್ಚರಿ ಇತ್ತು.

"ಯಾವಾಗ ಓದಿದ್ರಿ ಸಾಹೇಬ್ರ? ನಾ ಒಂದಿನಾನೂ ರೋಲ್‌ಕಾಲ್ ತಪ್ಪಿಸಿಲ್ಲ."

5.10ಕ್ಕೆ ದಸ್ತಗಿರಿ ಪಂಚನಾಮೆಗೆ ಸಹಿಯಾಯಿತು. ಆರೋಪಿಯನ್ನು ಲಾಕಪ್ಪಿಗೆ ಹಾಕದೆ ಆರೋಗ್ಯ ಕೇಂದ್ರದ ಬೇರೆ ಕೋಣೆಗೆ ಸೇರಿಸಿ, ಮರುದಿನ ಚಿತ್ತಾಪುರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಬರೆದದ್ದಾಯಿತು. ಯಂಕಮ್ಮ ಚಹಾದ ಕಪ್ಪುಗಳನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಹೇಳುವ ಕೆಲಸವೂ ಶಹಾಬುದ್ದೀನನದೇ ಆಯಿತು.

ಠಾಣೆಗೆ ಬಂದವನು ನೇರ ಸುತ್ತೋಲೆಗಳ ಕಡತ ತೆಗೆದ. 1983ರ ಸೆಪ್ಟೆಂಬರಿನ ಹಾಳೆ ಅದು. ಕ್ಷಯ ಪೀಡಿತ ಸಿಬ್ಬಂದಿಗೆ ವಿಶೇಷ ರಜೆ, ಪೂರ್ತಿ ಚಿಕಿತ್ಸೆ, ಎಲ್ಲ ಸಿಬ್ಬಂದಿಗೂ ರೋಲ್‌ಕಾಲಿನಲ್ಲಿ ಓದಿ ಹೇಳತಕ್ಕದ್ದು. ಅಂಚಿನಲ್ಲಿ ನೀಲಿ ಮಸಿ: 'ಓದಿ ಹೇಳಲಾಗಿದೆ.' ಕೆಳಗೆ ಅವನದೇ ಸಹಿ. ಅಂದು ಗಣೇಶ ಹಬ್ಬದ ಬಂದೋಬಸ್ತು, ಒಟ್ಟಿಗೆ ಏಳು ಸುತ್ತೋಲೆ ಬಂದಿದ್ದವು. ಏಳಕ್ಕೂ ಒಂದೇ ಸಲ ಬರೆದು ಎದ್ದುಹೋಗಿದ್ದ. ಎಲ್ಲ ಠಾಣೆಗಳಲ್ಲೂ ಹೀಗೇ ಬರೆಯುತ್ತಾರೆ ಎಂದು ಒಂದು ಗಳಿಗೆ ಸಮಾಧಾನ ಮಾಡಿಕೊಂಡ. ಸೂಗಪ್ಪನ 81 ಸಾಲುಗಳು ಕಣ್ಣ ಮುಂದೆ ಬಂದವು. ಸಮಾಧಾನ ನಿಲ್ಲಲಿಲ್ಲ.

ಜೂನ್ 7, ಗುರುವಾರ, ಬೆಳಿಗ್ಗೆ 6.30. ರೋಲ್‌ಕಾಲ್. ಶಹಾಬುದ್ದೀನ ಹನ್ನೊಂದು ಜನರ ಮುಂದೆ ನಿಂತು ಆ ಹಾಳೆಯನ್ನು ಮೊದಲಿಂದ ಕೊನೆಯವರೆಗೆ ಓದಿದ. ಓದುವಾಗ ಸರ್ಕಾರಿ ಕನ್ನಡ ಗಂಟಲಲ್ಲಿ ಸಿಕ್ಕಿಕೊಂಡಲ್ಲೆಲ್ಲ ತಮ್ಮ ಮಾತಿನಲ್ಲಿ ಬಿಡಿಸಿ ಹೇಳಿದ. "ಇದನ್ನ ಒಂಬತ್ತು ತಿಂಗಳ ಹಿಂದ ಓದಬೇಕಾಗಿತ್ತು. ನಾ ಓದಿಲ್ಲ. ಓದೀನಿ ಅಂತ ಸುಳ್ಳು ಬರದೀನಿ," ಅಂದ.

ಒಳಗೆ ಭಗವಂತ ಪ್ರಕರಣದ ದಾಖಲೆಗಳ ಪಟ್ಟಿ ಮಾಡುತ್ತಿದ್ದ. ಔಷಧದ ರಿಜಿಸ್ಟರ್, ಎರಡು ಕ್ಯಾಪ್ಸೂಲು, ಗುಂಡಮ್ಮನ ಹೇಳಿಕೆ. ಶಹಾಬುದ್ದೀನ ಸುತ್ತೋಲೆಯನ್ನು ಅದರ ಮೇಲೆ ಇಟ್ಟ.

"ಇದನ್ನೂ ಹಚ್ಚು."

"ಸಾಹೇಬ್ರ, ಇದರ ಮ್ಯಾಲ ನಿಮ್ಮ ಸಹಿ ಅದ. ಮ್ಯಾಲಿನವರು ನೋಡಿದ್ರ ನಿಮಗೂ ನೋಟೀಸು ಬರ್ತದ."

"ಬರಲಿ. ಅಂವ ಯಾಕ ಮಾಡಿದ ಅಂತ ಕೋರ್ಟ್ ಕೇಳ್ತದ. ಉತ್ತರ ಇದರಾಗ ಅದ. ಅನಸುಬಾಯಿ ಬಂದಾಗ ಅಕಿಗೂ ಓದಿ ಹೇಳಬೇಕು, ನಾನೇ ಹೇಳ್ತೀನಿ."

ಹೊರಗೆ ಬಂದಾಗ ಎಲ್ಲರೂ ತಮ್ಮ ತಮ್ಮ ಪಾಳಿಗೆ ಹೋಗಿದ್ದರು. ಬಯಲಿನಲ್ಲಿ ಲಾಲ್ ಅಹ್ಮದ್ ಒಬ್ಬನೇ ನಿಂತಿದ್ದ, ಟೋಪಿ ಕೈಯಲ್ಲಿ ಹಿಡಿದುಕೊಂಡು.

"ಏನೋ?"

"ಅದನ್ನ ಇನ್ನೊಮ್ಮೆ ಓದ್ರಿ ಸಾಹೇಬ್ರ. ಪಗಾರ ನಿಲ್ಲೂದಿಲ್ಲ ಅಂದ್ರಲ್ಲ, ಅಲ್ಲಿಂದ."

ಶಹಾಬುದ್ದೀನ ಅವನ ಮುಖ ನೋಡಿದ. ಕೊರಳಿನ ಎಲುಬು ಅಂಗಿಯ ಕಾಲರಿನ ಹೊರಗೆ ಎದ್ದು ಕಾಣುತ್ತಿತ್ತು. ದಿನವೂ ನೋಡುವ ಮುಖ, ನೋಡಿಯೇ ಇರಲಿಲ್ಲ.

"ಎಷ್ಟು ದಿನ ಆಯ್ತು ಕೆಮ್ಮು?"

"ಎರಡು ತಿಂಗಳಾಯ್ತ್ರಿ."

"ರಕ್ತ?"

"ಹೋದ ಶುಕ್ರವಾರದಿಂದ್ರಿ. ಮನ್ಯಾಗ ಹೇಳಿಲ್ಲ. ಕೂಸು ರಾತ್ರಿ ನನ್ನ ಎದಿ ಮ್ಯಾಲೇ ಮಲಗ್ತದ."

"ಹೋಗು, ಕೂಸನ್ನೂ ಅದರ ತಾಯಿನೂ ಕರಕೊಂಡು ಬಾ," ಅಂದ ಶಹಾಬುದ್ದೀನ. ಡಾಕ್ಟರು ಬರುವುದು ಒಂಬತ್ತಕ್ಕೆ. ಏಳೂವರೆಗೇ ಅವರು ನಾಲ್ವರೂ ಆರೋಗ್ಯ ಕೇಂದ್ರದ ಕಟ್ಟೆಯ ಮೇಲೆ ಹೋಗಿ ಕುಳಿತರು.